156 ಹೆಸರುಗಳ ಪಟ್ಟಿ ಓದುವುದು ಹೇಗೆ? ಯುಎಸ್ ಓಪನ್ ಗಾಲ್ಫ್‌ಗೆ ನಿಮ್ಮದೇ ಮುನ್ನೋಟ

ಯುಎಸ್ ಓಪನ್ ಹತ್ತಿರ ಬಂದಾಗಲೆಲ್ಲ ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ: ‘ಈ ಸಲ ಯಾರು ಗೆಲ್ಲಬಹುದು?’ ಅದರ ಬೆನ್ನಿಗೇ ಇನ್ನೊಂದು: ‘ಪಟ್ಟಿಯಲ್ಲಿರುವ ಅರ್ಧ ಹೆಸರು ನಾವು ಕೇಳಿಯೇ ಇಲ್ಲ, ಇವರೆಲ್ಲ ಎಲ್ಲಿಂದ ಬಂದರು?’ ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ಮೊದಲನೆಯದಕ್ಕೆ ಕೈ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾರು ಯಾವ ಬಾಗಿಲಿನಿಂದ ಒಳಗೆ ಬಂದರು ಎಂಬುದು ತಿಳಿದರೆ ಮುನ್ನೋಟದ ಅರ್ಧ ಕೆಲಸ ಮುಗಿದಂತೆಯೇ.

ಕ್ರಿಕೆಟ್ಟನ್ನು ಉಸಿರಾಡುವ ನಮ್ಮ ಊರುಗಳಲ್ಲಿ ಗಾಲ್ಫ್ ಬಗ್ಗೆ ಕುತೂಹಲ ಹುಟ್ಟಿದ್ದು ತೀರಾ ಈಚೆಗೆ. 2021ರ ಆಗಸ್ಟ್ 7ರ ಬೆಳಗ್ಗೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರಲ್ಲ, ಅಂದು ಟಿವಿ ಮುಂದೆ ಕುಳಿತವರಲ್ಲಿ ಬಹಳ ಜನ ಈ ಆಟವನ್ನು ಬಿಟ್ಟಿಲ್ಲ. ಈ ಲೇಖನ ಅವರಿಗಾಗಿ. ಉದಾಹರಣೆಗೆ 2026ರ ಪುರುಷರ ಯುಎಸ್ ಓಪನ್ ತೆಗೆದುಕೊಂಡಿದ್ದೇನೆ. ಜೂನ್ 18ರಿಂದ 21ರವರೆಗೆ, ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿರುವ ಶಿನ್ನೆಕಾಕ್ ಹಿಲ್ಸ್ ಕ್ಲಬ್‌ನಲ್ಲಿ ನಡೆಯುವ ಪಂದ್ಯಾವಳಿ ಅದು.

ಬೇಕಾಗುವುದು ಇಷ್ಟೇ: ಗೆರೆ ಹಾಕಿದ ಒಂದು ಉದ್ದನೆಯ ನೋಟ್‌ಬುಕ್, ಮೊಬೈಲ್, ಪಂದ್ಯದ ಹಿಂದಿನ ಎರಡು ವಾರಗಳಲ್ಲಿ ಮೂರು ನಾಲ್ಕು ಸಂಜೆ. ಆಟಗಾರರ ಪಟ್ಟಿ, ಅರ್ಹತಾ ಸುತ್ತಿನ ಅಂಕ, ಆಟ ಶುರುವಾಗುವ ಸಮಯ ಎಲ್ಲವೂ ಪಂದ್ಯಾವಳಿ ನಡೆಸುವ ಅಮೆರಿಕದ ಗಾಲ್ಫ್ ಸಂಸ್ಥೆಯ (ಯುಎಸ್‌ಜಿಎ) ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ.

ಮೊದಲು ನಾಲ್ಕು ಪದ

ಪಾರ್ ಎಂದರೆ ಚೆಂಡನ್ನು ಒಂದು ಕುಳಿಗೆ ಸೇರಿಸಲು ನಿಗದಿಯಾದ ಹೊಡೆತಗಳ ಸಂಖ್ಯೆ. ಅದಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಗಾಲ್ಫ್‌ನಲ್ಲಿ ಕಡಿಮೆ ಹೊಡೆದವನೇ ಮುಂದೆ; ರನ್ ಎಣಿಸುವ ಅಭ್ಯಾಸವಿದ್ದವರು ಮೊದಲ ದಿನ ಇಲ್ಲಿಯೇ ಎಡವುತ್ತಾರೆ. ಒಂದು ಸುತ್ತಿಗೆ 18 ಕುಳಿ, ನಾಲ್ಕು ದಿನಕ್ಕೆ ನಾಲ್ಕು ಸುತ್ತು. ಎರಡು ಸುತ್ತು ಮುಗಿದ ಮೇಲೆ ಹಿಂದುಳಿದವರನ್ನು ಮನೆಗೆ ಕಳಿಸುವ ಗೆರೆಗೆ ಕಟ್ ಎನ್ನುತ್ತಾರೆ. ಯುಎಸ್ ಓಪನ್‌ನಲ್ಲಿ ಮೊದಲ 60 ಸ್ಥಾನದವರು ಮತ್ತು 60ನೇ ಸ್ಥಾನದಲ್ಲಿ ಸಮನಾಗಿ ನಿಂತವರೆಲ್ಲ ಮುಂದಕ್ಕೆ ಹೋಗುತ್ತಾರೆ.

ಅಂಕಪಟ್ಟಿಯಲ್ಲಿ ಒಂದು ಹೆಸರಿನ ಮುಂದೆ ‘ಟಿ2, +3, ಎಫ್’ ಎಂದಿದ್ದರೆ ಹೀಗೆ ಓದಿಕೊಳ್ಳಿ: ಜಂಟಿ ಎರಡನೇ ಸ್ಥಾನ, ಪಾರ್‌ಗಿಂತ ಮೂರು ಹೊಡೆತ ಹೆಚ್ಚು, ಈ ದಿನದ ಆಟ ಮುಗಿದಿದೆ. ಎಫ್ ಇರುವ ಜಾಗದಲ್ಲಿ 14 ಎಂದಿದ್ದರೆ 14 ಕುಳಿ ಆಡಿದ್ದಾನೆ, ಇನ್ನೂ ನಾಲ್ಕು ಬಾಕಿ ಇವೆ ಎಂದರ್ಥ.

1. ಯಾವ ಮೇಜರ್ ಎಂದು ಖಚಿತಪಡಿಸಿಕೊಳ್ಳಿ

ಪುರುಷರ ಗಾಲ್ಫ್‌ನಲ್ಲಿ ಮೇಜರ್ ಎಂದು ಕರೆಯುವ ದೊಡ್ಡ ಪಂದ್ಯಾವಳಿ ನಾಲ್ಕೇ. ಏಪ್ರಿಲ್‌ನಲ್ಲಿ ಮಾಸ್ಟರ್ಸ್, ಮೇ ತಿಂಗಳಲ್ಲಿ ಪಿಜಿಎ ಚಾಂಪಿಯನ್‌ಷಿಪ್, ಜೂನ್‌ನಲ್ಲಿ ಯುಎಸ್ ಓಪನ್, ಜುಲೈನಲ್ಲಿ ಬ್ರಿಟನ್ನಿನ ದಿ ಓಪನ್. ಒಂದೊಂದರ ಬಾಗಿಲೂ ಬೇರೆ. ಮಾಸ್ಟರ್ಸ್‌ಗೆ ಆಹ್ವಾನ ಬಂದವರಷ್ಟೇ ಹೋಗುತ್ತಾರೆ, ಸುಮಾರು 90 ಜನ. ಪಿಜಿಎಯಲ್ಲಿ ಕ್ಲಬ್‌ಗಳಲ್ಲಿ ಪಾಠ ಹೇಳಿಕೊಡುವ ಗಾಲ್ಫ್ ಶಿಕ್ಷಕರಿಗೆಂದೇ 20 ಸ್ಥಾನ ಮೀಸಲು. 2023ರಲ್ಲಿ ಅಂಥ ಒಬ್ಬ ಶಿಕ್ಷಕ ಮೈಕೆಲ್ ಬ್ಲಾಕ್ ಕೊನೆಯ ಸುತ್ತಿನಲ್ಲಿ ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಇಳಿಸಿ ಜಂಟಿ 15ನೇ ಸ್ಥಾನ ಪಡೆದ. ಯುಎಸ್ ಓಪನ್ ಮತ್ತು ದಿ ಓಪನ್ ಮಾತ್ರ ಹೆಸರಿಗೆ ತಕ್ಕಂತೆ ಮುಕ್ತ. ಅರ್ಹತಾ ಸುತ್ತು ಗೆದ್ದವನಿಗೆ ಕಣ ತೆರೆದಿರುತ್ತದೆ.

ಎಚ್ಚರ: ಒಂದು ಮೇಜರ್‌ನ ನಿಯಮವನ್ನು ಇನ್ನೊಂದಕ್ಕೆ ಹೊಂದಿಸಬೇಡಿ. ಮಾಸ್ಟರ್ಸ್‌ನಲ್ಲಿ ಕಟ್ 50ಕ್ಕೆ, ಪಿಜಿಎ ಮತ್ತು ದಿ ಓಪನ್‌ನಲ್ಲಿ 70ಕ್ಕೆ.

2. ನೇರ ಪ್ರವೇಶದವರನ್ನು ಬೇರ್ಪಡಿಸಿ

ಯುಎಸ್ ಓಪನ್ ಕಣದಲ್ಲಿ 156 ಜನ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ವಿನಾಯಿತಿ ಪಡೆದವರು, ಅಂದರೆ ಅರ್ಹತಾ ಸುತ್ತು ಆಡದೆ ನೇರವಾಗಿ ಬಂದವರು. ನಮ್ಮ ಕಡೆಯ ಜಾತ್ರೆಯ ಕುಸ್ತಿ ನೆನಪಿಸಿಕೊಳ್ಳಿ. ಹೆಸರಾಂತ ಪೈಲ್ವಾನರ ಜೋಡಿ ಕರಪತ್ರದಲ್ಲೇ ಅಚ್ಚಾಗಿರುತ್ತದೆ. ಉಳಿದ ಹುಡುಗರು ಕಣದ ಬದಿಗೆ ಬಂದು ನಿಂತು ಜೋಡಿ ಕಟ್ಟಿಸಿಕೊಳ್ಳಬೇಕು. ಇಲ್ಲಿಯೂ ಹಾಗೆಯೇ.

ನೋಟ್‌ಬುಕ್ಕಿನ ಒಂದು ಹಾಳೆಗೆ ನಾಲ್ಕು ಗೆರೆ ಎಳೆದು ಐದು ಕಾಲಂ ಮಾಡಿ: ಹೆಸರು, ದೇಶ, ಬಂದ ಬಾಗಿಲು, ಈಚಿನ ಆಟ, ಟಿಪ್ಪಣಿ. ‘ಬಂದ ಬಾಗಿಲು’ ಎಂಬ ಕಾಲಂ ಮುಖ್ಯ. ಅಲ್ಲಿ ಬರೆಯಬಹುದಾದ ದೊಡ್ಡ ಬಾಗಿಲುಗಳು ಇವು. ಕಳೆದ ಹತ್ತು ವರ್ಷಗಳಲ್ಲಿ ಯುಎಸ್ ಓಪನ್ ಗೆದ್ದವರು. ಕಳೆದ ಐದು ವರ್ಷಗಳಲ್ಲಿ ಉಳಿದ ಮೂರು ಮೇಜರ್‌ಗಳಲ್ಲಿ ಯಾವುದನ್ನಾದರೂ ಗೆದ್ದವರು. ಹಿಂದಿನ ವರ್ಷದ ಯುಎಸ್ ಓಪನ್‌ನಲ್ಲಿ ಮೊದಲ ಹತ್ತರೊಳಗೆ ಬಂದವರು. ಅಮೆರಿಕದ ಪಿಜಿಎ ಟೂರ್, ಅಂದರೆ ವೃತ್ತಿಪರರ ಪಂದ್ಯಗಳ ಸರಣಿ, ಅದರ ಋತುವಿನ ಕೊನೆಯ ಪಂದ್ಯಕ್ಕೆ ಆಯ್ಕೆಯಾದವರು. ವಿಶ್ವ ರ‍್ಯಾಂಕಿಂಗ್‌ನ ಮೊದಲ 60 ಮಂದಿ. ಅಮೆರಿಕದ ಹವ್ಯಾಸಿ ಚಾಂಪಿಯನ್. ಹವ್ಯಾಸಿ ಎಂದರೆ ಬಹುಮಾನದ ಹಣ ಮುಟ್ಟದೆ ಆಡುವವನು. ಪಟ್ಟಿಯಲ್ಲಿ ಅವನ ಹೆಸರಿನ ಪಕ್ಕ ಸಣ್ಣ ‘ಎ’ ಅಕ್ಷರ ಇರುತ್ತದೆ.

ಒಬ್ಬನಿಗೇ ಮೂರು ನಾಲ್ಕು ಬಾಗಿಲು ತೆರೆದಿರಬಹುದು. ಆಗ ಯಾವುದು ಹೊಸದೋ ಅದನ್ನು ಬರೆದುಕೊಳ್ಳಿ. ಕಾರಣವಿದೆ. 2018ರಲ್ಲಿ ಇದೇ ಶಿನ್ನೆಕಾಕ್‌ನಲ್ಲಿ ಗೆದ್ದ ಬ್ರೂಕ್ಸ್ ಕೊಯೆಪ್ಕಾಗೆ ಆ ಒಂದು ಗೆಲುವು 2028ರವರೆಗೆ ಬಾಗಿಲು ತೆರೆದಿಟ್ಟಿದೆ. ಹತ್ತು ವರ್ಷದ ಹಿಂದಿನ ಗೆಲುವಿನಿಂದ ಒಳಬಂದವನೂ ಮೊನ್ನೆ ಮೊನ್ನೆಯ ಆಟದಿಂದ ಬಂದವನೂ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಕಾಣುತ್ತಾರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಕಡ್ಡಿ, ಡಬ್ಬಿ ಎಂಬ ಎರಡೂ ಬಗೆಯ ಮೆಣಸಿನಕಾಯಿ ಒಂದೇ ಅಂಗಳದಲ್ಲಿ ಹರಡಿದ್ದರೂ ಚೀಲಕ್ಕೆ ಕೈಹಾಕಿ ನೋಡದೆ ಯಾರೂ ದರ ಬರೆಯುವುದಿಲ್ಲ. ನೀವೂ ಬರೆಯಬೇಡಿ.

3. ಅರ್ಹತಾ ಸುತ್ತಿನವರ ಮೇಲೆ ಹೆಚ್ಚು ಹೊತ್ತು ಕಳೆಯಿರಿ

ಹೆಚ್ಚಿನ ಮುನ್ನೋಟಗಳು ಈ ಭಾಗವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ನನಗೆ ಇದು ಸರಿಯೆನಿಸುವುದಿಲ್ಲ. ಯುಎಸ್ ಓಪನ್‌ನ ಜೀವ ಇರುವುದೇ ಇಲ್ಲಿ.

ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕುತ್ತಾರೆ. ವೃತ್ತಿಪರರಾದರೆ ಸಾಕು, ಹವ್ಯಾಸಿಗಳಾದರೆ ಹ್ಯಾಂಡಿಕ್ಯಾಪ್ 0.4ಕ್ಕಿಂತ ಹೆಚ್ಚಿರಬಾರದು. ಹ್ಯಾಂಡಿಕ್ಯಾಪ್ ಎಂದರೆ ಆಟಗಾರ ಸಾಮಾನ್ಯವಾಗಿ ಎಷ್ಟು ಹೊಡೆತ ಹೆಚ್ಚು ತೆಗೆದುಕೊಳ್ಳುತ್ತಾನೆ ಎಂಬುದರ ಅಳತೆ, 0.4 ಎಂದರೆ ಹೆಚ್ಚುಕಡಿಮೆ ಪಾರ್‌ಗೆ ಸಮನಾಗಿ ಆಡುವವನು. ಅರ್ಜಿ ಹಾಕಿದವರಲ್ಲಿ ಬಹುಪಾಲು ಮಂದಿ ಏಪ್ರಿಲ್, ಮೇ ತಿಂಗಳಲ್ಲಿ ಸ್ಥಳೀಯ ಸುತ್ತು ಆಡುತ್ತಾರೆ. ನೂರಕ್ಕೂ ಹೆಚ್ಚು ಕಡೆ ನಡೆಯುವ ಆ ಸುತ್ತಿನಲ್ಲಿ 18 ಕುಳಿ, ಒಂದೇ ಅವಕಾಶ. ಅಲ್ಲಿ ಗೆದ್ದವರು ಅಂತಿಮ ಅರ್ಹತಾ ಸುತ್ತಿಗೆ ಬರುತ್ತಾರೆ. ಅಂತಿಮ ಸುತ್ತಿಗೆ ನೇರವಾಗಿ ಬರುವ ಅನುಭವಿ ವೃತ್ತಿಪರರೂ ಅಲ್ಲೇ ಎದುರಾಗುತ್ತಾರೆ.

ಅಂತಿಮ ಸುತ್ತು ಒಂದೇ ದಿನದಲ್ಲಿ 36 ಕುಳಿ. ಬಹುತೇಕ ಕೇಂದ್ರಗಳಲ್ಲಿ ಜೂನ್ ಆರಂಭದ ಒಂದು ಸೋಮವಾರ ಇದು ನಡೆಯುತ್ತದೆ. ಗಾಲ್ಫ್‌ನ ಅತಿ ದೀರ್ಘ ದಿನ ಎಂದೇ ಆ ದಿನಕ್ಕೆ ಹೆಸರು. ಒಂದು ಸುತ್ತಿಗೆ ಎಂಟು ಹತ್ತು ಕಿಲೋಮೀಟರ್ ನಡಿಗೆ ಎಂದರೆ, ಎರಡು ಸುತ್ತು ಮುಗಿಸುವವನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ನಡೆದುಕೊಂಡು ಹೋದಷ್ಟು ದೂರ ಸಾಗಿರುತ್ತಾನೆ, ಅದೂ ಪ್ರತಿ ಹೊಡೆತಕ್ಕೆ ಉಸಿರು ಬಿಗಿಹಿಡಿದು. ಸ್ಥಾನಗಳು ಬೆರಳೆಣಿಕೆಯಷ್ಟು. ಕೊನೆಯ ಸ್ಥಾನಕ್ಕೆ ಇಬ್ಬರು ಮೂವರು ಸಮನಾದರೆ ಕತ್ತಲಾಗುತ್ತಿದ್ದರೂ ಮತ್ತೆ ಒಂದೊಂದೇ ಕುಳಿ ಆಡಿ ತೀರ್ಮಾನಿಸಬೇಕು. ಹಾಗೆ ಬಂದವನ ಹೆಸರನ್ನು ‘ಗೊತ್ತಿಲ್ಲ’ ಎಂದು ಪಕ್ಕಕ್ಕಿಡುವುದು ಅವನಿಗೆ ಮಾಡುವ ಅನ್ಯಾಯ.

ಅನ್ಯಾಯವಷ್ಟೇ ಅಲ್ಲ, ತಪ್ಪು ಲೆಕ್ಕವೂ ಹೌದು. 1964ರಲ್ಲಿ ಕೆನ್ ವೆಂಚುರಿ, 1969ರಲ್ಲಿ ಆರ್ವಿಲ್ ಮೂಡಿ ಸ್ಥಳೀಯ ಮತ್ತು ಅಂತಿಮ ಎರಡೂ ಅರ್ಹತಾ ಸುತ್ತು ದಾಟಿ ಬಂದು ಪ್ರಶಸ್ತಿಯನ್ನೇ ಎತ್ತಿದರು. 2005ರಲ್ಲಿ ನ್ಯೂಜಿಲೆಂಡ್‌ನ ಮೈಕೆಲ್ ಕ್ಯಾಂಪ್‌ಬೆಲ್ ಅಂತಿಮ ಹಂತದ ಅರ್ಹತಾ ಸುತ್ತಿನಿಂದ ಬಂದು ಟೈಗರ್ ವುಡ್ಸ್ ಅವರನ್ನು ಎರಡನೇ ಸ್ಥಾನಕ್ಕೆ ತಳ್ಳಿದರು. 2009ರ ವಿಜೇತ ಲೂಕಸ್ ಗ್ಲೋವರ್ ಕೂಡ ಅದೇ ದಾರಿಯಲ್ಲಿ ಬಂದವರು.

ಅಂತಿಮ ಸುತ್ತಿನ ಫಲಿತಾಂಶ ಓದುವಾಗ ಮೂರು ಸಂಗತಿ ಗುರುತು ಹಾಕಿಕೊಳ್ಳಿ. ಒಂದು, ಕೇಂದ್ರ ಎಷ್ಟು ಗಟ್ಟಿ: ಪಿಜಿಎ ಟೂರ್‌ನವರು ಗುಂಪಾಗಿ ಬಂದ ಕೇಂದ್ರದಲ್ಲಿ ಗೆಲ್ಲುವುದಕ್ಕೂ ಹೊಸಬರೇ ತುಂಬಿರುವ ಕೇಂದ್ರದಲ್ಲಿ ಗೆಲ್ಲುವುದಕ್ಕೂ ಅಂತರವಿದೆ. ಎರಡು, ಮಧ್ಯಾಹ್ನದ ಸುತ್ತು: ಬೆಳಗ್ಗೆಗಿಂತ ಮಧ್ಯಾಹ್ನ ಚೆನ್ನಾಗಿ ಆಡಿದವನ ಕಾಲಲ್ಲಿ ಶಕ್ತಿ ಇದೆ, ಒತ್ತಡದಲ್ಲಿ ಕೈ ನಡುಗಿಲ್ಲ. ಮೂರು, ಭಾರತೀಯರು ಆಡಿದ್ದಾರೆಯೇ: ಅಮೆರಿಕದ ಹೊರಗೆ ಇಂಗ್ಲೆಂಡ್, ಜಪಾನ್‌ನಲ್ಲೂ ಅಂತಿಮ ಸುತ್ತು ನಡೆಯುತ್ತದೆ, ಯುರೋಪ್ ಮತ್ತು ಏಷ್ಯಾದ ಟೂರ್‌ಗಳಲ್ಲಿ ಆಡುವವರು ಅಲ್ಲಿ ಅದೃಷ್ಟ ಪರೀಕ್ಷಿಸುತ್ತಾರೆ. ನಮ್ಮವರ ಹೆಸರು ಹುಡುಕುವವರಿಗೆ ಒಂದು ಅಳತೆಗೋಲು ಬೇಕಾದರೆ: ಪುರುಷರ ಮೇಜರ್‌ಗಳಲ್ಲಿ ಭಾರತೀಯನೊಬ್ಬನ ಅತ್ಯುತ್ತಮ ಸಾಧನೆ ಅನಿರ್ಬನ್ ಲಾಹಿರಿ 2015ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಪಡೆದ ಜಂಟಿ ಐದನೇ ಸ್ಥಾನ. ಶುಭಂಕರ್ ಶರ್ಮಾ 2023ರ ದಿ ಓಪನ್‌ನಲ್ಲಿ ಜಂಟಿ ಎಂಟನೆಯವರಾದರು, ಜೀವ್ ಮಿಲ್ಖಾ ಸಿಂಗ್ 2008ರ ಪಿಜಿಎಯಲ್ಲಿ ಜಂಟಿ ಒಂಬತ್ತನೆಯವರು.

ಎಚ್ಚರ: ಸೋಮವಾರ ರಾತ್ರಿ ಪಟ್ಟಿ ಮುಗಿಯಿತು ಎಂದುಕೊಂಡು ಹಾಳೆ ಮಡಚಬೇಡಿ. ಪಂದ್ಯದ ಹಿಂದಿನ ವಾರ ವಿಶ್ವ ರ‍್ಯಾಂಕಿಂಗ್‌ನ ಮೊದಲ 60ರೊಳಗೆ ಹೊಸದಾಗಿ ಬಂದವರಿಗೂ ಸ್ಥಾನ ಸಿಗುತ್ತದೆ. ಅದಕ್ಕೆಂದು ಕೆಲವು ಸ್ಥಾನ ಖಾಲಿ ಇಟ್ಟಿರುತ್ತಾರೆ. ಗಾಯಗೊಂಡು ಯಾರಾದರೂ ಹಿಂದೆ ಸರಿದರೆ ಅರ್ಹತಾ ಕೇಂದ್ರಗಳ ಕಾಯ್ದಿರಿಸಿದ ಪಟ್ಟಿಯಿಂದ ಒಬ್ಬ ಒಳಗೆ ಬರುತ್ತಾನೆ. ಸಿಇಟಿ ಸೀಟು ಹಂಚಿಕೆಯ ಎರಡನೇ ಸುತ್ತಿಗೆ ಕಾದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬುಧವಾರ ಸಂಜೆ ಪಟ್ಟಿಯನ್ನು ಮತ್ತೊಮ್ಮೆ ತಾಳೆ ನೋಡಿ.

4. ಮೈದಾನವನ್ನು ಓದಿ

ಕ್ರಿಕೆಟ್‌ನಲ್ಲಿ ಪಿಚ್ ವರದಿ ಇಲ್ಲದೆ ತಂಡ ಆರಿಸುವುದಿಲ್ಲ. ಗಾಲ್ಫ್‌ನಲ್ಲಿ ಮೈದಾನದ ಮಾತು ಅದಕ್ಕಿಂತಲೂ ದೊಡ್ಡದು.

ಶಿನ್ನೆಕಾಕ್ ಹಿಲ್ಸ್‌ನಲ್ಲಿ 1896, 1986, 1995, 2004, 2018ರಲ್ಲಿ ಯುಎಸ್ ಓಪನ್ ನಡೆದಿದೆ, 2026ರದ್ದು ಆರನೆಯದು. ಮೂರು ಶತಮಾನಗಳಲ್ಲಿ ಈ ಪಂದ್ಯಾವಳಿ ಕಂಡ ಮೈದಾನ ಇದೊಂದೇ. ಪಾರ್ 70. ಮರಗಳು ಕಡಿಮೆ, ಸಮುದ್ರ ಹತ್ತಿರ, ಗಾಳಿಗೆ ತಡೆಯೇ ಇಲ್ಲ. ಗದಗದ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ಮುಂಗಾರಿನ ಒಂದು ಮಧ್ಯಾಹ್ನ ನಿಂತು ನೋಡಿದವರು, ಅಂಥ ಬಯಲಿನಲ್ಲಿ 45 ಗ್ರಾಂ ತೂಕದ ಚೆಂಡನ್ನು ನೂರೈವತ್ತು ಗಜ ದೂರದ ಒಂದು ಮೂಲೆಗೆ ಇಳಿಸಬೇಕು ಎಂದು ಊಹಿಸಿಕೊಳ್ಳಲಿ.

ಇಡೀ ಮೈದಾನದ ಬದಲು ಒಂದೇ ಕುಳಿಯನ್ನು ಹತ್ತಿರದಿಂದ ನೋಡೋಣ. ಏಳನೆಯದು, ಪಾರ್ 3. ಅಂದರೆ ಮೊದಲ ಹೊಡೆತದಲ್ಲೇ ಗ್ರೀನ್ ತಲುಪಬೇಕು. ಗ್ರೀನ್ ಎಂದರೆ ಕುಳಿಯ ಸುತ್ತ ಹುಲ್ಲನ್ನು ನೆಲಕ್ಕೆ ಅಂಟಿದಂತೆ ಕತ್ತರಿಸಿದ ಜಾಗ. ಈ ಗ್ರೀನ್ ಆಟಗಾರನ ಕಡೆಗೆ ವಾಲಿಲ್ಲ. ಮುಂದಿನ ಬಲತುದಿಯಿಂದ ಹಿಂದಿನ ಎಡತುದಿಗೆ, ಅವನಿಂದ ದೂರಕ್ಕೆ ಇಳಿಜಾರಾಗಿದೆ. ಓರೆಯಾಗಿ ಹಿಡಿದ ಮೊರದ ಮೇಲೆ ಕಡಲೆಕಾಳು ಇಟ್ಟರೆ ಹೇಗೋ ಹಾಗೆ. 2004ರ ಕೊನೆಯ ದಿನ ಬಿಸಿಲಿಗೂ ಗಾಳಿಗೂ ಅದು ಒಣಗಿ ಎಷ್ಟು ಗಟ್ಟಿಯಾಗಿತ್ತೆಂದರೆ ಚೆಂಡು ನಿಲ್ಲಲೇ ಇಲ್ಲ. ಪಂದ್ಯದ ನಡುವೆಯೇ, ಒಂದು ಜೋಡಿ ಹೋಗಿ ಇನ್ನೊಂದು ಜೋಡಿ ಬರುವಷ್ಟರಲ್ಲಿ, ಗ್ರೀನ್‌ಗೆ ನೀರು ಹಾಕಬೇಕಾಯಿತು. ಆ ದಿನ ಪಾರ್‌ಗಿಂತ ಕಡಿಮೆ ಹೊಡೆತದಲ್ಲಿ ಒಬ್ಬನೂ ಸುತ್ತು ಮುಗಿಸಲಿಲ್ಲ. ಗೆದ್ದದ್ದು ದಕ್ಷಿಣ ಆಫ್ರಿಕಾದ ರೆಟೀಫ್ ಗೂಸೆನ್. 2018ರಲ್ಲಿ ಕೊಯೆಪ್ಕಾ ಗೆದ್ದದ್ದೂ ಪಾರ್‌ಗಿಂತ ಒಂದು ಹೊಡೆತ ಹೆಚ್ಚು ತೆಗೆದುಕೊಂಡೇ.

ಇದರಿಂದ ನಿಮ್ಮ ಹಾಳೆಗೆ ಏನು ಬರೆಯಬೇಕು? ವಾರಕ್ಕೆ ಇಪ್ಪತ್ತು ಬರ್ಡಿ ಹೊಡೆಯುವವನಿಗಿಂತ ಬೋಗಿಯಲ್ಲಿ ನಷ್ಟ ನಿಲ್ಲಿಸಿ ಮುಂದೆ ನಡೆಯಬಲ್ಲವನಿಗೆ ಇಲ್ಲಿ ಬೆಲೆ ಹೆಚ್ಚು. ಗಾಳಿಯಲ್ಲಿ ಚೆಂಡನ್ನು ತಗ್ಗಿನಲ್ಲಿ ಹಾರಿಸುವವರ, ಗ್ರೀನ್ ಸುತ್ತಮುತ್ತ ಸೂಕ್ಷ್ಮವಾಗಿ ಆಡುವವರ ಹೆಸರಿನ ಮುಂದೆ ಒಂದು ಚುಕ್ಕಿ ಇಡಿ. 2018ರಲ್ಲಿ ಆಡಿದವರಿಗೆ ಇನ್ನೊಂದು. ಆ ವರ್ಷ ಕೊನೆಯ ದಿನ 63 ಹೊಡೆದು ಒಂದೇ ಹೊಡೆತದಿಂದ ಎರಡನೆಯವರಾದ ಟಾಮಿ ಫ್ಲೀಟ್‌ವುಡ್ ಹೆಸರಿಗೆ ನಾನು ಆಗಲೇ ಇಟ್ಟಿದ್ದೇನೆ.

5. ಈಚಿನ ಆಟವನ್ನು ತೂಗಿ

ವಿಶ್ವ ರ‍್ಯಾಂಕಿಂಗ್ ಎರಡು ವರ್ಷಗಳ ಲೆಕ್ಕ. ಇತ್ತೀಚಿನ 13 ವಾರಗಳ ಅಂಕ ಪೂರ್ತಿ ಸಿಗುತ್ತದೆ, ಅದಕ್ಕಿಂತ ಹಳೆಯದು ವಾರ ವಾರಕ್ಕೂ ಕರಗುತ್ತಾ ಹೋಗುತ್ತದೆ. ಒಟ್ಟು ಅಂಕವನ್ನು ಆಡಿದ ಪಂದ್ಯಗಳಿಂದ ಭಾಗಿಸುತ್ತಾರೆ, ಕಡಿಮೆ ಆಡಿದ್ದರೂ ಭಾಜಕ 40ಕ್ಕಿಂತ ಇಳಿಯುವುದಿಲ್ಲ. ಹೀಗಾಗಿ ಗಾಯದಿಂದ ಆರು ತಿಂಗಳು ಮನೆಯಲ್ಲಿದ್ದವನ ಸ್ಥಾನ ಅವನ ಈಗಿನ ಕೈಚಳಕಕ್ಕಿಂತ ಕೆಳಗಿರಬಹುದು, ಒಂದೂವರೆ ವರ್ಷದ ಹಿಂದೆ ಮಿಂಚಿದವನ ಸ್ಥಾನ ಮೇಲಿರಬಹುದು. 2022ರಲ್ಲಿ ಶುರುವಾದ ಲಿವ್ ಎಂಬ ಲೀಗ್‌ಗೆ ಹೋದವರಿಗೆ ಹಲವು ವರ್ಷ ಅಲ್ಲಿ ರ‍್ಯಾಂಕಿಂಗ್ ಅಂಕವೇ ಸಿಗಲಿಲ್ಲ. ಲಿವ್‌ನಲ್ಲಿ ಆಡುತ್ತಿದ್ದ ಬ್ರೈಸನ್ ಡಿಷಾಂಬೋ 2024ರಲ್ಲಿ ಇದೇ ಯುಎಸ್ ಓಪನ್ ಗೆದ್ದದ್ದನ್ನು ನೆನಪಿಟ್ಟುಕೊಂಡರೆ ರ‍್ಯಾಂಕಿಂಗ್ ಒಂದನ್ನೇ ನಂಬುವ ಅಪಾಯ ತಿಳಿಯುತ್ತದೆ.

ಪ್ರತಿಯೊಬ್ಬನ ಕೊನೆಯ ಎಂಟು ಪಂದ್ಯ ನೋಡಿ. ಎಷ್ಟರಲ್ಲಿ ಕಟ್ ದಾಟಿದ, ಎಷ್ಟರಲ್ಲಿ ಮೊದಲ 20ರೊಳಗೆ ಬಂದ ಎಂಬ ಎರಡು ಸಂಖ್ಯೆ ಸಾಕು. ಇನ್ನೂ ಆಳಕ್ಕೆ ಇಳಿಯುವ ಆಸಕ್ತಿ ಇದ್ದರೆ ‘ಸ್ಟ್ರೋಕ್ಸ್ ಗೇಯ್ನ್ಡ್’ ಎಂಬ ಅಂಕಿಅಂಶ ನೋಡಬಹುದು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ರೂಪಿಸಿದ ಲೆಕ್ಕ ಅದು. ಹೆಸರು ಕೇಳಿ ಹೆದರಬೇಡಿ. ಕುಳಿಯಿಂದ ಎಂಟು ಅಡಿ ದೂರದಲ್ಲಿರುವ ಚೆಂಡನ್ನು ವೃತ್ತಿಪರರು ಹತ್ತರಲ್ಲಿ ಸುಮಾರು ಐದು ಸಲ ಒಂದೇ ಹೊಡೆತಕ್ಕೆ ಇಳಿಸುತ್ತಾರೆ, ಉಳಿದ ಐದು ಸಲ ಎರಡು ಬೇಕಾಗುತ್ತವೆ. ಅಂದರೆ ಸರಾಸರಿ 1.5. ಒಂದಕ್ಕೇ ಇಳಿಸಿದವನಿಗೆ ಅರ್ಧ ಹೊಡೆತ ಲಾಭ, ಎರಡು ತೆಗೆದುಕೊಂಡವನಿಗೆ ಅರ್ಧ ನಷ್ಟ. ಹೀಗೆ ಪ್ರತಿ ಹೊಡೆತಕ್ಕೂ ಜಮಾಖರ್ಚು ಬರೆದರೆ ಆಟಗಾರ ಎಲ್ಲಿ ಗಳಿಸುತ್ತಾನೆ, ಎಲ್ಲಿ ಕಳೆಯುತ್ತಾನೆ ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಶಿನ್ನೆಕಾಕ್‌ನಂಥ ಮೈದಾನಕ್ಕೆ ನಾನು ಮೊದಲು ನೋಡುವುದು ‘ಅಪ್ರೋಚ್’ ಕಾಲಂ, ಅಂದರೆ ಗ್ರೀನ್ ಕಡೆಗೆ ಹೊಡೆಯುವ ಹೊಡೆತದ ಲೆಕ್ಕ.

ಎಚ್ಚರ: ಒಂದು ವಾರ ಪಟಿಂಗ್ ಚೆನ್ನಾಗಿದ್ದುದನ್ನು ಕಂಡು ಮರುಳಾಗಬೇಡಿ. ಪಟಿಂಗ್ ಎಂದರೆ ಗ್ರೀನ್ ಮೇಲೆ ಚೆಂಡನ್ನು ಉರುಳಿಸಿ ಕುಳಿಗೆ ಸೇರಿಸುವುದು. ಅದು ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಅಪ್ರೋಚ್ ಅಷ್ಟು ಬೇಗ ಕೈಕೊಡುವುದಿಲ್ಲ. ಇನ್ನೊಂದು ಮಾತು: ಈ ಹಾಳೆ ಆಟವನ್ನು ಅರ್ಥ ಮಾಡಿಕೊಳ್ಳಲು, ಹಣ ಕಟ್ಟಲು ಅಲ್ಲ.

6. ಆಟದ ಸಮಯವನ್ನು ನಮ್ಮ ಗಡಿಯಾರಕ್ಕೆ ತನ್ನಿ

ಮೊದಲ ಎರಡು ದಿನ ಮೂವರ ಗುಂಪು, ಕೊನೆಯ ಎರಡು ದಿನ ಜೋಡಿ. ಗುರುವಾರ ಬೆಳಗ್ಗೆ ಆಡಿದವರು ಶುಕ್ರವಾರ ಮಧ್ಯಾಹ್ನ ಆಡುತ್ತಾರೆ, ಮಧ್ಯಾಹ್ನದವರು ಬೆಳಗ್ಗೆಗೆ ಬರುತ್ತಾರೆ. ಸಮುದ್ರದ ಬದಿಯಲ್ಲಿ ಗಾಳಿ ಒಂದು ಹೊತ್ತು ಮಲಗಿ ಇನ್ನೊಂದು ಹೊತ್ತು ಏಳುವುದರಿಂದ ಯಾರು ಯಾವ ಪಾಳಿಯಲ್ಲಿದ್ದಾರೆ ಎಂಬುದು ಫಲಿತಾಂಶವನ್ನೇ ತಿರುಗಿಸಬಲ್ಲದು. 2018ರ ಶನಿವಾರ ಡೇನಿಯಲ್ ಬರ್ಗರ್, ಟೋನಿ ಫಿನೌ ಜಂಟಿ 45ನೇ ಸ್ಥಾನದಿಂದ ಬೆಳಗ್ಗೆಯೇ ಆಟಕ್ಕಿಳಿದು ತಲಾ 66 ಹೊಡೆದರು. ಮಧ್ಯಾಹ್ನದ ಹೊತ್ತಿಗೆ ಗ್ರೀನ್‌ಗಳು ಒಣಗಿ ಮುಂಚೂಣಿಯವರೆಲ್ಲ ಜಾರಿದರು. ಭಾನುವಾರ ಕೊನೆಯ ಜೋಡಿಯಾಗಿ ಕಣಕ್ಕಿಳಿದದ್ದು ಇವರಿಬ್ಬರೇ. ಆದ್ದರಿಂದ ಟೀ ಟೈಮ್ ಪಟ್ಟಿ, ಅಂದರೆ ಯಾರು ಎಷ್ಟು ಹೊತ್ತಿಗೆ ಮೊದಲ ಹೊಡೆತ ಹೊಡೆಯುತ್ತಾರೆ ಎಂಬ ಪಟ್ಟಿ ಬಂದ ಕೂಡಲೇ ಅದರ ಪಕ್ಕದಲ್ಲಿ ಆ ಊರಿನ ಗಾಳಿಯ ಮುನ್ಸೂಚನೆಯನ್ನೂ ಇಟ್ಟುಕೊಂಡು ಓದಿ.

ಜೂನ್‌ನಲ್ಲಿ ನ್ಯೂಯಾರ್ಕ್‌ಗಿಂತ ನಾವು ಒಂಬತ್ತೂವರೆ ಗಂಟೆ ಮುಂದೆ. ಅಲ್ಲಿನ ಬೆಳಗ್ಗೆ 7 ನಮಗೆ ಸಂಜೆ 4:30. ಮೊದಲ ಪಾಳಿಯವರನ್ನು ಸಂಜೆಯ ಚಹಾದ ಹೊತ್ತಿನಲ್ಲೇ ನೋಡಬಹುದು, ಅರ್ಹತಾ ಸುತ್ತಿನಿಂದ ಬಂದ ಹೊಸಬರು ಹಲವರು ಸಿಗುವುದೂ ಆ ಹೊತ್ತಿಗೇ. ಅಲ್ಲಿನ ಮಧ್ಯಾಹ್ನ 2:30 ಎಂದರೆ ನಮ್ಮಲ್ಲಿ ನಡುರಾತ್ರಿ 12.

ಎಚ್ಚರ: ದಿನಾಂಕ ತಪ್ಪಿಸಿಕೊಳ್ಳುವವರು ಬಹಳ. ಜೂನ್ 21ರ ಭಾನುವಾರದ ಕೊನೆಯ ಕುಳಿಗಳು ನಮ್ಮ ಕ್ಯಾಲೆಂಡರ್‌ನಲ್ಲಿ 22ರ ಸೋಮವಾರ ನಸುಕಿಗೆ ಬೀಳುತ್ತವೆ. ನಾಲ್ಕು ಸುತ್ತಿನ ಕೊನೆಗೆ ಇಬ್ಬರು ಸಮನಾದರೆ ಎರಡು ಕುಳಿಗಳ ಪ್ಲೇಆಫ್ ಇರುತ್ತದೆ, ಎರಡೂ ಕುಳಿಗಳ ಒಟ್ಟು ಹೊಡೆತ ಕಡಿಮೆ ಇದ್ದವನಿಗೆ ಗೆಲುವು. ಆಗಲೂ ಸಮನಾದರೆ ಒಬ್ಬ ಮುಂದಾಗುವವರೆಗೆ ಒಂದೊಂದೇ ಕುಳಿ. 2018ರಿಂದ ನಿಯಮ ಹೀಗಿದೆ. ಅದಕ್ಕೂ ಮೊದಲು ಮರುದಿನ ಪೂರ್ತಿ 18 ಕುಳಿ ಆಡಿಸುತ್ತಿದ್ದರು, 2008ರಲ್ಲಿ ಟೈಗರ್ ವುಡ್ಸ್ ಮತ್ತು ರಾಕೊ ಮೀಡಿಯೇಟ್ ಆಡಿದ್ದು ಹಾಗೆಯೇ. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವರು ಭಾನುವಾರ ಮಧ್ಯಾಹ್ನವೇ ನಿದ್ದೆ ಮುಗಿಸಿ, ರಾತ್ರಿ ಹನ್ನೆರಡಕ್ಕೆ ಅಲಾರಾಂ ಇಟ್ಟುಕೊಳ್ಳಿ. ನೋಟ್‌ಬುಕ್ ಪಕ್ಕದಲ್ಲಿರಲಿ, ಕಟ್ ದಾಟಿ ಉಳಿದವರ ಹೆಸರಿನ ಮುಂದೆ ‘ಬಂದ ಬಾಗಿಲು’ ಕಾಲಂನಲ್ಲಿ ನೀವೇ ಬರೆದದ್ದನ್ನು ನೋಡುತ್ತಾ ಪಂದ್ಯ ನೋಡಿ.